ಸಿಸ್ಟರ್ ಈಟಾ ಅವರ ಬೆವರುಮನೆ

ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಒಂದು ವಿದ್ಯೆ ಎಂದು ನೀವು ಎಂದಾದರೂ ಎಣಿಸಿದ್ದೀರಾ? ನಾನೂ ಎಣಿಸಿರಲಿಲ್ಲ, ಆ ಮಳೆಗಾಲದವರೆಗೆ. ಬಲಗೈಯ ಮಣಿಕಟ್ಟು ಬಾತು, ಬೆರಳುಗಳು ಒಂದೊಂದಾಗಿ ಮಾತು ಕೇಳುವುದನ್ನು ಬಿಟ್ಟವು. ಬೆಳಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಮೂವತ್ತೆಂಟು ವರ್ಷದ ನಾನು ಶಾಲೆಗೆ ಹೊರಟ ಮಗುವಿನಂತೆ ಹೆಂಡತಿಯ ಮುಂದೆ ಎದೆಯೊಡ್ಡಿ ನಿಲ್ಲಬೇಕಾಯಿತು. ದೇವಕಿ ಕೊರಳಿನ ಗುಂಡಿಯಿಂದ ಆರಂಭಿಸಿ ಕೆಳಗಿಳಿಯುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಆ ಎರಡು ನಿಮಿಷ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಕೈಯ ವಿಷಯ ಬರುತ್ತಿತ್ತು, ಕೈಯ ವಿಷಯ ಬಂದರೆ ಕೆಲಸದ ವಿಷಯ ಬರುತ್ತಿತ್ತು.

ನನ್ನ ಕೆಲಸವೆಲ್ಲ ಇದ್ದದ್ದು ಆ ಕೈಯಲ್ಲೇ. ಕೊಚ್ಚಿಯಲ್ಲಿ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ನಾನು ನಕ್ಷೆ ಬರೆಯುವವನು. ದಿನವೂ ಎರ್ನಾಕುಳಂ ಜೆಟ್ಟಿಯಲ್ಲಿ ದೋಣಿ ಹತ್ತಿ, ಹಿನ್ನೀರು ದಾಟಿ, ಸಂಜೆಯವರೆಗೆ ಬೋರ್ಡಿನ ಮೇಲೆ ಬಗ್ಗಿ ಹಡಗುಕಟ್ಟೆಯ ಗೋಡೆಗಳನ್ನೂ ಗೋದಾಮಿನ ಮಾಡುಗಳನ್ನೂ ಬರೆಯುತ್ತಿದ್ದೆ. ಊರು ಕಾಸರಗೋಡಿನ ಕಡೆ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಮಲಯಾಳದ ನಾಡಿಗೆ ಬಂದವನು ನಾನು. ಬಂದ ಕೆಲವೇ ವರ್ಷಗಳಲ್ಲಿ ರಾಜ್ಯಗಳ ಗೆರೆ ಬದಲಾಗಿ, ನಾನು ಬಿಟ್ಟು ಬಂದ ಊರೇ ನನ್ನ ಬೆನ್ನಿಗೆ ಬಂದು ಕೇರಳ ಸೇರಿಕೊಂಡಿತು. ಗೆರೆ ಎಳೆದು ಬದುಕುವವನಿಗೆ ಒಂದು ಗೆರೆಯ ಬಲವೇನೆಂಬುದು ಅಂದು ತಿಳಿದಷ್ಟು ಬೇರೆಂದೂ ತಿಳಿದಿರಲಿಲ್ಲ. ಒಂಬತ್ತು ವರ್ಷದ ಮಗಳು ಮಾಲತಿಗೆ ಮಾತ್ರ ಇಂಥ ಯಾವ ಗೆರೆಯೂ ಇರಲಿಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರ ಕೊಟ್ಟು ಆಟಕ್ಕೆ ಓಡುತ್ತಿದ್ದಳು.

ಕಚೇರಿಯಲ್ಲಿ ನಮ್ಮ ವಿಭಾಗದ ಹಿರಿಯರಾಗಿದ್ದ ಕುರುಪ್ಪು ಸಾರ್ ಒಂದು ತಿಂಗಳು ಏನೂ ಕಾಣದವರಂತಿದ್ದರು. ನನ್ನ ಪಾಲಿನ ಹಾಳೆಗಳನ್ನು ತಾವೇ ಅಷ್ಟಷ್ಟು ಮುಗಿಸಿ ನನ್ನ ಮೇಜಿನ ಮೇಲಿಡುತ್ತಿದ್ದರು. ಆಮೇಲೆ ಒಂದು ದಿನ ದೋಣಿಯಲ್ಲಿ ಪಕ್ಕಕ್ಕೆ ಕರೆದು, "ಬಲ್ಲಾಳೇ, ಇನ್ನು ಸ್ವಲ್ಪ ದಿನ ಮೇಲಿನವರಿಗೆ ತಿಳಿಯದಂತೆ ತಡೆಯಬಲ್ಲೆ. ಅಷ್ಟರೊಳಗೆ ಏನಾದರೂ ಮಾಡಿ. ಕಳಮಶ್ಶೇರಿಯಲ್ಲಿ ಕನ್ಯಾಸ್ತ್ರೀಯರ ಒಂದು ಚಿಕ್ಕ ಔಷಧಾಲಯ ಉಂಟು. ಅಲ್ಲಿಯ ಐರ್ಲೆಂಡಿನ ಸಿಸ್ಟರ್ ನನ್ನ ಅತ್ತೆಯ ಮೊಣಕಾಲು ನೆಟ್ಟಗೆ ಮಾಡಿದ್ದಾರೆ," ಎಂದರು.

ಮನೆಗೆ ಬಂದು ಹೇಳಿದೆ. ಎರಡು ಕಡೆ ವೈದ್ಯರಿಗೆ ತೋರಿಸಿ ಸೋತಿದ್ದ ನನಗೆ ಮೂರನೆಯ ಬಾಗಿಲು ತಟ್ಟುವ ಮನಸ್ಸಿರಲಿಲ್ಲ.

"ಹೋಗ್ಲಿಕ್ಕೆ ಎಂತ ಅಡ್ಡಿ ನಿಮ್ಗೆ?" ಎಂದಳು ದೇವಕಿ. "ಬಸ್ಸಿನಲ್ಲಿ ಅರ್ಧ ಗಂಟೆ. ಗುಣ ಆಗ್ಲಿಲ್ಲಾಂದ್ರೆ ವಾಪಸ್ ಬನ್ನಿ. ಗುಂಡಿ ಹಾಕ್ಲಿಕ್ಕೆ ನಾನಿದ್ದೇನೆ."

ಹಾಗೆ ನಾನು ಸಿಸ್ಟರ್ ಈಟಾ ಅವರನ್ನು ಕಂಡೆ. ಅರವತ್ತು ದಾಟಿದ, ಎತ್ತರದ, ಬಿಸಿಲಿಗೆ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ ಹೆಂಗಸು. ಮೂವತ್ತೈದು ವರ್ಷದ ಹಿಂದೆ ಹಡಗು ಹತ್ತಿ ಬಂದವರು. ಆ ಕಾಲದಲ್ಲಿ ಅವರಂಥವರು ಮರಳಿ ಹೋಗುವ ಯೋಚನೆಯನ್ನು ದಡದಲ್ಲೇ ಬಿಟ್ಟು ಹೊರಡುತ್ತಿದ್ದರಂತೆ. ಏಲೂರಿನ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಯವರೆಲ್ಲ ಅವರ ಬಾಗಿಲಿಗೇ ಬರುತ್ತಿದ್ದರು. ನನ್ನ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಏನನ್ನೋ ಕೇಳಿಸಿಕೊಳ್ಳುವವರಂತೆ ಕಣ್ಣು ಮುಚ್ಚಿದರು. ಆಮೇಲೆ, "ಈ ಕೈಗೆ ಬೆವರು ಬೇಕು. ವಾರಕ್ಕೆ ಎರಡು ಸಲ ಬನ್ನಿ," ಎಂದರು.

ಅವರ ಚಿಕಿತ್ಸೆಯ ಸಾಧನವೆಂದರೆ ಹಲಸಿನ ಮರದ ಒಂದು ಪೆಟ್ಟಿಗೆ. ಅದರ ಪಕ್ಕಕ್ಕೆ ತೋಳು ತೂರುವಷ್ಟು ಕಿಂಡಿ. ಅಡಿಯಲ್ಲಿ ಹುಣಸೆ ಸೊಪ್ಪು ಹಾಕಿ ಕುದಿಸಿದ ನೀರಿನ ಪಾತ್ರೆ. ಹಬೆಯಲ್ಲಿ ಕೈ ಬೆವರುವಷ್ಟು ಹೊತ್ತು ಅವರು ಪಕ್ಕದಲ್ಲೇ ಕುಳಿತು ಬ್ಯಾಂಡೇಜಿನ ಬಟ್ಟೆ ಸುತ್ತುತ್ತಿದ್ದರು. ಬೆವರಿದ ಕೈಯನ್ನು ಫಕ್ಕನೆ ತೆಗೆದು ತಣ್ಣೀರಿಗೆ ಅದ್ದಿಸುತ್ತಿದ್ದರು. ಮೊದಲ ಸಲ ನಾನು ಕೂಗಿಯೇಬಿಟ್ಟೆ. ಅವರು ನಕ್ಕರು.

"ನೀವು ಕೈ ಒಂದನ್ನು ಅದ್ದಿ ಕೂಗುತ್ತೀರಿ ಮಿಸ್ಟರ್ ಬಲ್ಲಾಳ್. ನನ್ನ ತಾಯಿ ಇಡೀ ಮೈಯನ್ನು ಅದ್ದುತ್ತಿದ್ದಳು, ಮಂಜುಗಟ್ಟುವ ತೊರೆಯಲ್ಲಿ."

ನಮ್ಮ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಇಬ್ಬರ ತಪ್ಪು ಮಲಯಾಳದಲ್ಲಿ. ಹಾಗೆ ಕಂತುಕಂತಾಗಿ ಕೇಳಿದ ಅವರ ಊರಿನ ಕತೆಯನ್ನು ನಿಮಗೆ ಒಟ್ಟಾಗಿ ಹೇಳುತ್ತೇನೆ. ಅವರ ತಂದೆಯ ಹೊಲದ ಅಂಚಿನಲ್ಲಿ, ಗುಡ್ಡದ ಇಳಿಜಾರಿಗೆ ಆತುಕೊಂಡು, ಗಾರೆಯಿಲ್ಲದೆ ಬರಿಗಲ್ಲನ್ನೇ ಪೇರಿಸಿ ಕಟ್ಟಿದ ಒಂದು ಗೂಡಿತ್ತು. ಬೋರಲು ಹಾಕಿದ ಮಡಕೆಯಂತೆ, ಮೇಲೆ ಹುಲ್ಲು ಬೆಳೆದು, ದೂರದಿಂದ ನೋಡಿದರೆ ನೆಲವೇ ಉಬ್ಬಿದಂತೆ ಕಾಣುತ್ತಿತ್ತಂತೆ. ತೆವಳಿ ಹೋಗುವಷ್ಟೇ ಬಾಗಿಲು. ಜೌಗುನೆಲದಿಂದ ಕಡಿದು ಒಣಗಿಸಿದ ಕಪ್ಪು ಹೆಂಟೆಗಳನ್ನು ಅದರೊಳಗೆ ಪೇರಿಸಿ ಒಂದು ಇಡೀ ದಿನ ಉರಿಸುತ್ತಿದ್ದರು. ಕಲ್ಲು ಕಾದು ಕೆಂಡದಂತಾದ ಮೇಲೆ ಬೂದಿಯನ್ನೆಲ್ಲ ಎಳೆದು ಹಾಕಿ, ನೆಲಕ್ಕೆ ಹಸಿ ಜೊಂಡು ಹಾಸಿ, ಸಂಧಿವಾತದ ಹೆಂಗಸರು ನಾಲ್ಕೈದು ಮಂದಿ ಒಳಗೆ ತೆವಳಿ ಕುಳಿತುಕೊಳ್ಳುವುದು. ಹೊರಗಿನವರು ಬಾಗಿಲಿಗೆ ಹುಲ್ಲುಮಣ್ಣಿನ ಹೆಂಟೆ ಒಡ್ಡುವುದು. ತಡೆಯುವಷ್ಟು ಹೊತ್ತು ತಡೆದು, ಬೆವರಿನಲ್ಲಿ ಮಿಂದು, ಹೊರಗೆ ಬಂದವರೇ ಪಕ್ಕದ ತೊರೆಗೆ ಇಳಿಯುತ್ತಿದ್ದರು. ವೈದ್ಯರಿಲ್ಲದ ಆ ಸೀಮೆಯ ಬಡವರಿಗೆ ಅದೇ ಆಸ್ಪತ್ರೆ. ಗಂಡಸರ ಸರದಿ ಬೇರೆ, ಹೆಂಗಸರ ಸರದಿ ಬೇರೆ. ನಾನು ಅದಕ್ಕೆ ಮನಸ್ಸಿನಲ್ಲೇ ಬೆವರುಮನೆ ಎಂದು ಹೆಸರಿಟ್ಟೆ.

ಮೂರನೆಯ ತಿಂಗಳು ನನ್ನ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಅಷ್ಟು ದಿನ ಅವೆರಡೂ ಜಗಳವಾಡಿದ ದಾಯಾದಿಗಳಂತೆ ದೂರದೂರ ಇದ್ದವು. ಆ ಸಂತೋಷವನ್ನು ಹೇಳಲೆಂದು ಓಡಿದ ದಿನವೇ ಸಿಸ್ಟರ್ ಈಟಾ ಮಂಕಾಗಿ ಕುಳಿತಿದ್ದರು. ಮಡಿಲಲ್ಲಿ ಒಂದು ಕಾಗದ. ಅವರ ತಮ್ಮನ ಮಗಳು ನೋರಾ ಬರೆದದ್ದು. ತಮ್ಮನು ಆ ಬೆವರುಮನೆಯನ್ನು ಕೆಡವಲಿದ್ದಾನೆ. ಚಳಿಗಾಲಕ್ಕೆ ಮೊದಲು ಕರುಗಳಿಗೆ ಕೊಟ್ಟಿಗೆ ಕಟ್ಟಬೇಕು, ಕಲ್ಲು ಹೇಗೂ ಅಲ್ಲೇ ಇದೆ ಎನ್ನುತ್ತಾನೆ. ಇಂಥ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡಿ ಕಾಪಾಡುವ ಸರಕಾರಿ ಕಚೇರಿಯೊಂದು ರಾಜಧಾನಿಯಲ್ಲಿದೆ. ಊರಿನ ಶಾಲಾ ಮಾಸ್ತರರು ಅವರಿಗೆ ವಿವರ ಕಳಿಸುತ್ತಾರೆ. ಅಳತೆಯ ಒಂದು ನಕ್ಷೆಯೂ, ಅದನ್ನು ಬಳಸಿದವರ ಹೇಳಿಕೆಯೂ ಇದ್ದರೆ ಉಳಿಸುವ ದಾರಿಯುಂಟು. ಆದರೆ ಬೇಲಿಯ ವಿಷಯಕ್ಕೆ ಜಗಳವಾಗಿ ತಮ್ಮನು ಆ ಮಾಸ್ತರರನ್ನು ಹೊಲಕ್ಕೆ ಕಾಲಿಡಲೂ ಬಿಡುವುದಿಲ್ಲ, ಮಗಳಿಗೂ ಅಳೆಯಗೊಡುವುದಿಲ್ಲ.

"ಹೇಳಿಕೆ ನಾನು ಬರೆಯಬಲ್ಲೆ," ಎಂದರು ಸಿಸ್ಟರ್. "ಒಳಗೆ ಕುಳಿತು ಬೆವರಿದವರಲ್ಲಿ ಬದುಕಿರುವವಳು ನಾನೊಬ್ಬಳೇ ಇರಬೇಕು. ಆದರೆ ನಕ್ಷೆ?"

"ನಕ್ಷೆ ನಾನು ಬರೆಯುತ್ತೇನೆ," ಎಂದೆ. ಹೇಳಿದ ಮೇಲೆಯೇ ಕೈಯ ಕಡೆ ನೋಡಿಕೊಂಡದ್ದು.

"ನೀವು ಅದನ್ನು ನೋಡೇ ಇಲ್ಲವಲ್ಲ."

"ನೀವು ನೋಡಿದ್ದೀರಲ್ಲ ಸಿಸ್ಟರ್."

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಳಗೆ ಎಷ್ಟು ಜಾಗವಿತ್ತು ಎಂದು ಕೇಳಿದರೆ ಅವರು ಔಷಧಾಲಯದ ಜಗಲಿಯನ್ನು ತೋರಿಸಿ ಇಷ್ಟು ಎನ್ನುತ್ತಿದ್ದರು. ಗಾರೆಯಿಲ್ಲದ ಕಲ್ಲಿನ ಗುಮ್ಮಟ ಅಷ್ಟು ಅಗಲಕ್ಕೆ ನಿಲ್ಲುವುದಿಲ್ಲವೆಂದು ನನ್ನ ವೃತ್ತಿ ಹೇಳುತ್ತಿತ್ತು. ಸುಳ್ಳಾಡದ ಅವರ ಕಣ್ಣು, ಗುಮ್ಮಟ ಅಷ್ಟಗಲಕ್ಕೇ ನಿಂತಿತ್ತು ಎನ್ನುತ್ತಿತ್ತು. ಕೊನೆಗೆ ನನಗೆ ಹೊಳೆಯಿತು. ಆಗ ನಿಮಗೆಷ್ಟು ವಯಸ್ಸು ಎಂದು ಕೇಳಿದೆ. ಒಂಬತ್ತು ಎಂದರು, ನಮ್ಮ ಮಾಲತಿಯಷ್ಟೇ.

ಮುಂದಿನ ಶನಿವಾರ ದೇವಕಿಯೂ ಮಾಲತಿಯೂ ನನ್ನ ಜೊತೆ ಕಳಮಶ್ಶೇರಿಗೆ ಬಂದರು. ಜಗಲಿಯ ಮೇಲೆ ಎರಡು ಬೆಂಚು ನಿಲ್ಲಿಸಿ, ಅವುಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಹಿಡಿದು ಬಾಗಿಲು ಮಾಡಿದೆವು. ಮಾಲತಿ ಅದರಡಿ ತೆವಳಬೇಕು. ಸಿಸ್ಟರ್ ನೋಡಿ ಹೇಳಬೇಕು.

"ಇನ್ನೂ ಕೆಳಗೆ," ಎನ್ನುತ್ತಿದ್ದರು ಅವರು. "ನನ್ನ ಜಡೆ ತಗಲುತ್ತಿತ್ತು. ಹಾಂ, ಬೆನ್ನು ತಗಲುತ್ತಿರಲಿಲ್ಲ."

ಹತ್ತನೆಯ ಸಲ ತೆವಳಿದ ಮೇಲೆ ಮಾಲತಿ ಎದ್ದು ಕುಳಿತು, "ಮತಿ ಅಪ್ಪಾ, ಮುಟ್ಟು ವೇದನಿಕ್ಕುನ್ನು," ಎಂದು ಸಂಪು ಹೂಡಿದಳು. ಮೊಣಕಾಲು ನೋಯುತ್ತದೆ, ಸಾಕು ಎಂದು. ಔಷಧಕ್ಕೆ ಬಂದು ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ನಕ್ಕರು.

ಇನ್ನು ಒಳಗಿನ ಅಗಲ. ಯಾರು ಯಾರು ಎಲ್ಲೆಲ್ಲಿ ಕೂರುತ್ತಿದ್ದರು ಎಂದು ಕೇಳಿದೆ. ಸಿಸ್ಟರ್ ನೆಲದ ಮೇಲೆ ಕುಳಿತೇಬಿಟ್ಟರು. ತಾಯಿ ಇಲ್ಲಿ, ಚಿಕ್ಕಮ್ಮ ಇಲ್ಲಿ, ನೆರೆಮನೆಯ ಮುದುಕಿ ಅಲ್ಲಿ, ನಡುವೆ ನಾನು ಎಂದು ಕೈ ತೋರಿಸಿದರು. ದೇವಕಿ ಚಿಕ್ಕಮ್ಮನಾದಳು, ಸಾಲಿನಲ್ಲಿದ್ದ ಮುದುಕಿಯೊಬ್ಬಳು ತಾನಾಗಿ ಬಂದು ನೆರೆಮನೆಯವಳಾದಳು, ಸಿಸ್ಟರ್ ತಮ್ಮ ತಾಯಿಯ ಜಾಗದಲ್ಲಿ ಮೊಣಕಾಲು ಮಡಚಿ ಕುಳಿತು ಮಾಲತಿಯನ್ನು ತಮ್ಮ ಮುಂದೆ ಕೂರಿಸಿಕೊಂಡರು. ಎಲ್ಲರ ಮೊಣಕಾಲುಗಳೂ ಒಂದಕ್ಕೊಂದು ತಗಲುತ್ತಿದ್ದವೇ ಎಂದರೆ ಹೌದು, ತಗಲುತ್ತಿದ್ದವು ಎಂದರು. ನಾನು ಅವರ ಬೆನ್ನುಗಳ ಹಿಂದೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಗೆರೆ ಎಳೆದೆ. ಅವರು ಎದ್ದ ಮೇಲೆ ಟೇಪು ಹಿಡಿದು ನೋಡಿದರೆ ಐದು ಅಡಿ ನಾಲ್ಕು ಅಂಗುಲ.

ಸಿಸ್ಟರ್ ಈಟಾ ಆ ಬಿಳಿ ವೃತ್ತವನ್ನೇ ನೋಡುತ್ತ ನಿಂತರು. "ಇಷ್ಟು ಚಿಕ್ಕದೇ?" ಎಂದರು. ಐವತ್ತು ವರ್ಷ ಅವರು ಮನಸ್ಸಿನಲ್ಲಿ ಸಾಕಿ ಬೆಳೆಸಿದ್ದ ಒಂದು ಮಹಾಸದನವನ್ನು ನಾನು ಒಂದು ತುಂಡು ಸುಣ್ಣದಿಂದ ಕಿತ್ತುಕೊಂಡೆನೇನೋ ಎಂದು ನನಗೆ ಭಯವಾಯಿತು. ಆದರೆ ಅವರು ಬಗ್ಗಿ ವೃತ್ತದ ಬಲಗಡೆ, ಬಾಗಿಲಿನ ಪಕ್ಕ, ಒಂದು ಜಾಗದ ಮೇಲೆ ಬೆರಳಿಟ್ಟರು.

"ಇಲ್ಲಿ ಗೋಡೆಯೊಳಗೆ ಒಂದು ಗೂಡು. ತಾಯಿ ತನ್ನ ಬಾಚಣಿಗೆಯನ್ನು ಅದರಲ್ಲಿಡುತ್ತಿದ್ದಳು. ಅವಳ ಬೆರಳುಗಳು ನಿಮ್ಮ ಬೆರಳುಗಳಿಗಿಂತ ಕೆಟ್ಟಿದ್ದವು ಮಿಸ್ಟರ್ ಬಲ್ಲಾಳ್. ಚಳಿಗಾಲವಿಡೀ ನನ್ನ ತಲೆ ಬಾಚುತ್ತಿದ್ದದ್ದು ಚಿಕ್ಕಮ್ಮ. ಬೆವರುಮನೆಯಿಂದ ಹೊರಬಂದ ಸಂಜೆ ಮಾತ್ರ ತಾಯಿಯ ಬೆರಳು ಬಿಚ್ಚುತ್ತಿದ್ದವು. ತೊರೆಯ ದಂಡೆಯಲ್ಲಿ ನನ್ನನ್ನು ಕೂರಿಸಿಕೊಂಡು, ಅವಳೇ ಬಾಚಿ, ಅವಳೇ ಜಡೆ ಹಾಕುತ್ತಿದ್ದಳು. ವರ್ಷಕ್ಕೆ ಎರಡೋ ಮೂರೋ ಸಲ. ನನಗೆ ಹನ್ನೊಂದಾದಾಗ ತೀರಿಕೊಂಡಳು. ತಮ್ಮನಿಗೆ ಆಗ ಮೂರು ವರ್ಷ. ಅವನಿಗೆ ಅವಳ ಮುಖವೂ ನೆನಪಿಲ್ಲ."

ದೇವಕಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಅವಳು ಮಾಲತಿಯನ್ನು ಹತ್ತಿರ ಎಳೆದುಕೊಂಡು, ತೆವಳಿ ತೆವಳಿ ಬಿಚ್ಚಿಹೋಗಿದ್ದ ಅವಳ ಜಡೆಯನ್ನು ಹೆಣೆಯತೊಡಗಿದಳು.

ಸಂಸ್ಕೃತದಲ್ಲಿ ಬೆವರಿಗೆ ಸ್ವೇದ ಎನ್ನುತ್ತಾರೆ. ಸ್ವೇದಕ್ಕೂ ಸ್ವದೇಶಕ್ಕೂ ಎಷ್ಟು ಹತ್ತಿರದ ನಂಟು ಎಂಬುದು ನನಗೆ ಆ ಜಗಲಿಯಲ್ಲಿ ಹೊಳೆಯಿತು. ಮರಳಿ ಹೋಗಲಾರದ ನಾಡೊಂದು ಆ ಹೆಂಗಸಿನಲ್ಲಿ ಉಳಿದಿದ್ದದ್ದು ನಾಲ್ವರ ಮೈಬೆವರು ಬಿದ್ದ ಐದಡಿ ನೆಲವಾಗಿ. ಅರಮನೆಗಳನ್ನು ಕಾಪಾಡಲು ಜನರಿದ್ದಾರೆ. ದೇಗುಲಗಳಿಗೆ ಶಾಸನಗಳೇ ಸಾಕ್ಷಿ ನುಡಿಯುತ್ತವೆ. ನೋವಿದ್ದವರು ಬಂದು ಬೆವರಿ ಹಗುರಾಗಿ ಹೋದ ಈ ಗೂಡಿಗೆ ಮಾತ್ರ ಬೆವರೊಂದೇ ವಿವರ. ಆ ವಿವರವನ್ನು ಹೇಳಬಲ್ಲವರು ಈಗ ಒಬ್ಬರೇ, ಬರೆಯಬೇಕಾದವನು ಕೈ ಕೆಟ್ಟ ನಾನು.

ಮೂರು ವಾರ ಹಿಡಿಯಿತು. ಕುರುಪ್ಪು ಸಾರ್ ಟ್ರೇಸಿಂಗ್ ಬಟ್ಟೆ ಕೊಟ್ಟರು. ಮನೆಯ ಕಿಟಕಿಯ ಬಳಿ ಬೋರ್ಡು ಇಟ್ಟುಕೊಂಡು, ಮಸಿಯ ಪೆನ್ನು ಹಿಡಿದರೆ ಮೊದಲ ಗೆರೆಯೇ ನಡುಗಿತು. ಹರಿದುಹಾಕಬೇಕೆಂದು ಕೈ ಎತ್ತಿದವನು ಸುಮ್ಮನಾದೆ. ಹಡಗುಕಟ್ಟೆಯ ಗೋಡೆಗೆ ಆ ಗೆರೆ ಆಗುತ್ತಿರಲಿಲ್ಲ. ಯಾರೋ ರೈತರು ಕೈಗೆ ಸಿಕ್ಕಿದಂತೆ ಪೇರಿಸಿದ ಒರಟು ಕಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಒಂದೊಂದು ಕಲ್ಲನ್ನೂ ಬೇರೆಬೇರೆಯಾಗಿ ಬರೆದೆ. ಹೊರಮೈ, ಸೀಳಿದಂತೆ ತೋರಿಸಿದ ಒಳಮೈ, ಮೇಲಿನ ಹೊಗೆಕಿಂಡಿ, ಬಲಗಡೆಯ ಗೂಡು, ಇಳಿಜಾರು, ತೊರೆ ಎಲ್ಲವೂ ಬಂದವು. ಬರೆಯುತ್ತ ಬರೆಯುತ್ತ ನಡುಕ ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ತೊರೆಯ ನೀರಿನ ಗೆರೆಗಳನ್ನು ಎಳೆಯುವ ಹೊತ್ತಿಗೆ ಅದು ನನ್ನ ಹಳೆಯ ಕೈಯೇ ಆಗಿತ್ತು.

ಕೊಡುವಾಗ ಸಿಸ್ಟರ್ ಒಂದು ಹಟ ಹಿಡಿದರು. ಬರೆದವರ ಪೂರ್ತಿ ಹೆಸರೂ ವಿಳಾಸವೂ ಕೆಳಗಿರಬೇಕು. ಕಚೇರಿಯ ನಕ್ಷೆಗಳಲ್ಲಿ ನಾವು ಮೂಲೆಯಲ್ಲಿ ಎರಡು ಅಕ್ಷರವಷ್ಟೇ ಹಾಕುವವರು. ಹದಿನಾರು ವರ್ಷದ ಕಸುಬಿನಲ್ಲಿ ನನ್ನ ಹೆಸರನ್ನು ನಾನೇ ಪೂರ್ತಿಯಾಗಿ ಬರೆದುಕೊಂಡ ನಕ್ಷೆ ಅದೊಂದೇ.

ನಕ್ಷೆಯೂ ಸಿಸ್ಟರ್ ಬರೆದ ಹೇಳಿಕೆಯೂ ಅಂಚೆಯಲ್ಲಿ ನೋರಾಳಿಗೆ ಹೋದವು. ನಾನು ಕಚೇರಿಯ ಬೋರ್ಡಿಗೆ ಮರಳಿ, ನನ್ನ ಪಾಲಿನ ಹಾಳೆಗಳನ್ನು ನಾನೇ ಮುಗಿಸತೊಡಗಿದೆ. ಕೆಲವು ವಾರಗಳಲ್ಲಿ ಸಿಸ್ಟರ್ ಈಟಾ ಅವರನ್ನು ತಿರುವನಂತಪುರಕ್ಕೆ, ಶ್ರೀಕಾರ್ಯಂ ಕಡೆಯ ತಮ್ಮ ಮಠಕ್ಕೆ ಕಳಿಸಿದರು. ಉಸಿರಾಟ ಕಷ್ಟವಾಗುತ್ತಿದೆ, ವಿಶ್ರಾಂತಿ ಬೇಕು ಎಂದು. ಬಸ್ಸಿನ ಬಳಿ ಕೃತಜ್ಞತೆ ಹೇಳಲು ಹೋದ ನನಗೆ ಅವರು, "ಮಳೆಗಾಲದಲ್ಲಿ ಕೈ ಬೆಚ್ಚಗಿಟ್ಟುಕೊಳ್ಳಿ," ಎಂದಷ್ಟೇ ಹೇಳಿ ಕೈಬೀಸಿದರು.

ಆಮೇಲಿನ ತಿಂಗಳುಗಳ ಕಾಯುವಿಕೆಯನ್ನು ಏನೆಂದು ಹೇಳಲಿ? ದೋಣಿಯಿಂದಿಳಿದು ಮನೆಗೆ ಬಂದವನೇ ಕಾಗದವೇನಾದರೂ ಬಂತೇ ಎಂದು ದೇವಕಿಯ ಮುಖ ನೋಡುತ್ತಿದ್ದೆ; ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಚಳಿಗಾಲ ಅಲ್ಲಿ ಬಂದೂ ಹೋಗಿರಬೇಕು, ಕೊಟ್ಟಿಗೆ ಎದ್ದಿರಬೇಕು ಎಂದುಕೊಂಡೆವು. ಆಸೆ ಬಿಟ್ಟ ಮೇಲೆ ಒಂದು ದಿನ ಮಾಲತಿ ಬಾಗಿಲಲ್ಲೇ ಲಕೋಟೆ ಹಿಡಿದು ನಿಂತಿದ್ದಳು. ಅತ್ತೆಯ ಹೊಸ ವಿಳಾಸ ತಿಳಿಯದೆ ನೋರಾ ನಕ್ಷೆಯ ಕೆಳಗಿದ್ದ ನನ್ನ ವಿಳಾಸಕ್ಕೇ ಬರೆದಿದ್ದಳು. ಒಳಗೆ ಎರಡು ಕಾಗದ. ಅತ್ತೆಯದನ್ನು ಅಂಟಿಸಿದ್ದಳು, ನನ್ನದರಲ್ಲಿ ಇದ್ದದ್ದು ನಾಲ್ಕೇ ಸಾಲು: ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು, ದಯವಿಟ್ಟು ಇದನ್ನು ಅತ್ತೆಗೆ ತಲುಪಿಸಿ, ನೀವೇ ಕೈಯಲ್ಲಿ ಕೊಟ್ಟರೆ ಒಳ್ಳೆಯದು.

"ಅಂಚೆಗೆ ಹಾಕ್ಬೇಡಿ," ಎಂದಳು ದೇವಕಿ. "ನಾವೇ ಹೋಗುವ. ಮೂವರೂ."

ತಿರುವನಂತಪುರಕ್ಕೆ ಆಗಷ್ಟೇ ನೇರ ರೈಲು ಓಡತೊಡಗಿತ್ತು. ಹಗಲಿಡೀ ಪಯಣಿಸಿ, ರಾತ್ರಿ ಛತ್ರದಲ್ಲಿ ಕಳೆದು, ಬೆಳಗ್ಗೆ ಬಸ್ಸಿನಲ್ಲಿ ಶ್ರೀಕಾರ್ಯಂಗೆ ಹೋದೆವು. ಮರಗೆಣಸಿನ ತೋಟಗಳ ನಡುವಿನ ಏರಿನಲ್ಲಿ ಮಠ. ಸಿಸ್ಟರ್ ಈಟಾ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು, ಎಷ್ಟೋ ತೆಳ್ಳಗಾಗಿ. ಕನ್ನಡಕ ಒಳಗಿದೆ, ನೀವೇ ಓದಿ ಎಂದು ಲಕೋಟೆಯನ್ನು ನನ್ನ ಕೈಗೇ ಮರಳಿಸಿದರು. ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ತ್ರೇಸ್ಯಾ, ಐವತ್ತರ ಆಸುಪಾಸಿನ ಮಲಯಾಳಿ ಹೆಂಗಸು, ನಮಗೆ ಕಾಫಿಯನ್ನೂ ಬಾಳೆಹಣ್ಣು ಕರಿದ ಪಳಂಪೊರಿಯನ್ನೂ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ನಾನು ಓದಿದೆ.

ನಕ್ಷೆ ತಲುಪಿದ ದಿನ ನೋರಾ ಅದನ್ನು ಊಟದ ಮೇಜಿನ ಮೇಲೆ ಹರಡಿ, ಗೂಡಿನ ಬಾಚಣಿಗೆಯ ಮಾತಿದ್ದ ಅತ್ತೆಯ ಹೇಳಿಕೆಯನ್ನೂ ಓದಿ ಹೇಳಿದ್ದಳು. ತಂದೆ ನೋಡಿ, ಯಾರೋ ಇಂಡಿಯಾದಲ್ಲಿ ಕುಳಿತು ಕಲ್ಪನೆ ಮಾಡಿದ್ದಾರೆ, ಬಲಗಡೆ ಗೂಡು ಎಂಬುದೇ ಇಲ್ಲ ಎಂದು ರೇಗಿದ. ಇಲ್ಲವೆಂದು ತೋರಿಸಿಕೊಡುತ್ತೇನೆಂದು ಟಾರ್ಚು ಹಿಡಿದು ಹೊಲಕ್ಕೆ ನಡೆದ. ದಪ್ಪ ಆಳು, ಬಾಗಿಲಲ್ಲಿ ತೂರಲು ಕೋಟು ಬಿಚ್ಚಬೇಕಾಯಿತು. ಒಳಗಿನಿಂದ ಬಹಳ ಹೊತ್ತು ಸದ್ದೇ ಇಲ್ಲ. ನೋರಾ ಹೆದರಿ ಕೂಗಿದಳು. ಗೋಡೆಯ ಆ ಗೂಡು ಮಣ್ಣು ತುಂಬಿ ಮುಚ್ಚಿಹೋಗಿತ್ತು. ಅವನು ಬೆರಳಿನಿಂದಲೇ ಅದನ್ನು ಕೆದರಿ ತೆಗೆದಿದ್ದ. ಒಳಗೆ ಏನೂ ಇರಲಿಲ್ಲ. ಆದರೆ ಅಂಚಿನ ಕಲ್ಲು ಕೈ ತಗಲಿ ತಗಲಿ ಸವೆದು ನುಣ್ಣಗಾಗಿತ್ತು. ಹೊರಗೆ ಬಂದವನು ಹುಲ್ಲಿನ ಮೇಲೆ ಕುಳಿತು, ಅಮ್ಮನ ಕೈ ಇಲ್ಲಿ ಇರುತ್ತಿತ್ತೇ ಎಂದು ಮಗಳನ್ನು ಕೇಳಿದನಂತೆ, ಅವಳಿಗೆ ತಿಳಿದಿದೆಯೋ ಎಂಬಂತೆ. ಮರುದಿನ ತಾನೇ ಮಾಸ್ತರರ ಮನೆಗೆ ಹೋಗಿ ಕರೆದುಕೊಂಡು ಬಂದ. ರಾಜಧಾನಿಯಿಂದ ಅಧಿಕಾರಿ ಬಂದು ಅಳೆದರು. ಬಾಗಿಲು ನಕ್ಷೆಯಂತೆಯೇ ಇತ್ತು; ಒಳಗಿನ ಅಗಲದಲ್ಲಿ ನಾಲ್ಕು ಅಂಗುಲ ವ್ಯತ್ಯಾಸ. ಈಗ ಬೆವರುಮನೆ ಪಟ್ಟಿಗೆ ಸೇರಿದೆ. ಅದರ ಒಂದು ಕಲ್ಲನ್ನೂ ಯಾರೂ ಕದಲಿಸುವಂತಿಲ್ಲ. ಕೊಟ್ಟಿಗೆಗೆ ಕಲ್ಲನ್ನು ಬೇರೆ ಕಡೆಯಿಂದ ತರಿಸಿದ್ದಾನೆ.

ಓದಿ ಮುಗಿಸಿದೆ. ಸಿಸ್ಟರ್ ಈಟಾ ಕಣ್ಣೊರೆಸಿಕೊಳ್ಳಲಿಲ್ಲ. ಕಣ್ಣೀರು ಇಳಿಯುವಷ್ಟು ಇಳಿಯಲಿ ಎಂದು ಬಿಟ್ಟರು. ಆಮೇಲೆ ನಗು ಬಂತು.

"ಅವನು ಬಾಗಿಲಲ್ಲಿ ಸಿಕ್ಕಿಕೊಳ್ಳಲಿಲ್ಲವಲ್ಲ, ದೇವರು ದೊಡ್ಡವನು," ಎಂದರು. ನಕ್ಕು ಕೆಮ್ಮು ಬಂದು, ಕೆಮ್ಮಿ ಸುಧಾರಿಸಿಕೊಂಡು, ನನ್ನ ಬಲಗೈಯನ್ನು ಹಿಂದಿನಂತೆಯೇ ಎರಡು ಅಂಗೈಗಳ ನಡುವೆ ಹಿಡಿದುಕೊಂಡರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕೃತಜ್ಞತೆಯ ಮಾತುಗಳೆಲ್ಲ ಆಗ ಬೇಡವಾದವು. ಗುಣಪಡಿಸಿದವರು ಯಾರು, ಗುಣವಾದವರು ಯಾರು ಎಂದು ಗೆರೆ ಎಳೆಯುವುದು ಇಷ್ಟು ವರ್ಷ ಗೆರೆ ಎಳೆದ ನನಗೂ ಆಗದು.

ಮಧ್ಯಾಹ್ನದ ರೈಲಿಗೆ ನಾವು ಮರಳಬೇಕಿತ್ತು. ಚೀಲ ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ, ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ಸಿಸ್ಟರ್ ತ್ರೇಸ್ಯಾ ಎರಡು ಹೆಜ್ಜೆ ಮುಂದೆ ಬಂದರು. ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡು, ನೆಲ ನೋಡುತ್ತ, "ಸಾರೇ, ಎಂಟೆ ವೀಡುಂ ಒನ್ನು ವರಚ್ಚು ತರಾಮೋ?" ಎಂದರು. ನನ್ನ ಮನೆಯನ್ನೂ ಒಂದು ಬರೆದುಕೊಡಬಹುದೇ ಎಂದು. ಕುಟ್ಟನಾಡಿನಲ್ಲಿ, ನೀರಿನ ನಡುವಿನ ಒಂದು ದಿಬ್ಬದ ಮೇಲಿತ್ತಂತೆ ಅವರ ಮನೆ. ಅವರು ಹುಡುಗಿಯಾಗಿದ್ದಾಗ ಒಂದು ನೆರೆಯಲ್ಲಿ ಮನೆಯೂ ಹೋಯಿತು, ದಿಬ್ಬವೂ ಹೋಯಿತು. ಪಟ್ಟಿಗೆ ಸೇರಿಸಲು ಅಲ್ಲಿ ಈಗ ನೀರಲ್ಲದೆ ಬೇರೇನೂ ಇಲ್ಲ.

ನಾನು ಚೀಲವನ್ನು ಕೆಳಗಿಟ್ಟು, ಮೆಟ್ಟಿಲ ಮೇಲೆ ಕುಳಿತು ಜೇಬಿನ ಪೆನ್ಸಿಲು ತೆಗೆದೆ. ದೇವಕಿ ರೈಲಿನ ಮಾತೆತ್ತುವಳೇನೋ ಎಂದು ಒಮ್ಮೆ ತಲೆಯೆತ್ತಿ ನೋಡಿದರೆ, ಅವಳು ಆಗಲೇ ಸಿಸ್ಟರ್ ತ್ರೇಸ್ಯಾರ ಪಕ್ಕದಲ್ಲಿ ಕುಳಿತು, ತನ್ನ ಅರೆಬರೆ ಮಲಯಾಳದಲ್ಲಿ, ಒಲೆ ಯಾವ ಮೂಲೆಯಲ್ಲಿತ್ತು ಎಂದು ಕೇಳುತ್ತಿದ್ದಳು.